ಎಮ್ಮೆಯ ಮುಲಾಮು

ಡಿಸೆಂಬರ್ 16, ಮಂಗಳವಾರ

ಹಿಮ್ಮಡಿ ಇನ್ನೂ ಉರಿಯುತ್ತಿದೆ. ತೊಗರಿ ಕೊಯ್ಯುವಾಗ ಬಿರುಕಿನಲ್ಲಿ ಮಣ್ಣು ಸೇರಿ ರಕ್ತ ಬಂತು. ಹುಮನಾಬಾದಿಗೆ ಹೊರಟಿದ್ದ ಇವರಿಗೆ, ಕಾಲಿಗೆ ಹಚ್ಚುವ ಕ್ರೀಮ್ ತನ್ನಿ ಎಂದೆ. ಇವರು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು:

"ಎರಡು ಮಕ್ಕಳ ತಾಯಿ ಆಗೀದಿ. ಇನ್ನ ಯಾರಿಗಿ ತೋರ್ಸಾಕ ಈ ಶೋಕಿ?"

ಇವರು ಕನ್ನಡಿ ಮುಂದೆ ನಿಂತು ಮೀಸೆಗೆ ಕಪ್ಪು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಅದು ಯಾರಿಗೆ ತೋರಿಸಲು ಎಂದು ಯಾರೂ ಕೇಳಲಿಲ್ಲ.

ಸಂಜೆ ಬಂದವರ ಚೀಲದಲ್ಲಿ ಎಮ್ಮೆಯ ಮುಲಾಮು ಇತ್ತು. ನಮ್ಮ ಎಮ್ಮೆಯ ಮೊಲೆತೊಟ್ಟು ಒಡೆದಿದೆ, ಹಿಂಡಲು ಕೂತರೆ ಒದೆಯುತ್ತದೆ.

"ನಿಂದು ಮರ್ತೇ ಹೋತು ನೋಡು," ಎಂದರು.

ಹಾಲು ಹಿಂಡಿ, ಎಮ್ಮೆಗೆ ಮುಲಾಮು ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ನನ್ನ ಹಿಮ್ಮಡಿಗೆ ಒರೆಸಿಕೊಂಡೆ. ಅತ್ತೆ ನೋಡಿಬಿಟ್ಟರು.

"ಅದು ಎಮ್ಮಿದು ಅದ. ದಂಡ ಮಾಡಬ್ಯಾಡ."

"ಹೂಂನ್ರಿ," ಎಂದೆ. ಹೂಂ ಅಂದದ್ದಕ್ಕೆ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತಿದೆ.

ಎಮ್ಮೆ ಒದೆಯುತ್ತದೆ, ಅದಕ್ಕೇ ಅದಕ್ಕೆ ಮುಲಾಮು ಬಂತು. ನಾನು ನಾಳೆಯೂ ಇದೇ ಕಾಲಲ್ಲಿ ತೊಗರಿ ಕೊಯ್ಯಲು ಹೋಗುತ್ತೇನೆಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು.