ಚೆಲ್ಲಲು ಇಟ್ಟ ಬಾಟಲಿ

ಮಾರ್ಚ್ ೧೨, ಗುರುವಾರ

ಹೊಟ್ಟೆ ಉರಿಯುತ್ತಿದೆ, ಸುಳ್ಳೇಕೆ ಹೇಳಲಿ. ಮೊನ್ನೆ ಮೀನಿನ ಪ್ರೋಟೀನನ್ನು ತುಂಡರಿಸಲು ಕಿಣ್ವ ಹಾಕಿದವಳು, ಎರಡು ತಾಸಾದ ಮೇಲೆ ಕುದಿನೀರಲ್ಲಿಟ್ಟು ಅದರ ಕೆಲಸ ನಿಲ್ಲಿಸುವುದನ್ನೇ ಮರೆತೆ. ನೆನಪಾದಾಗ ಐದು ತಾಸು ಕಳೆದಿತ್ತು. ‘ಚೆಲ್ಲಬೇಕು’ ಎಂದು ಚೀಟಿ ಅಂಟಿಸಿ ಸಿಂಕಿನ ಪಕ್ಕ ಇಟ್ಟೆ. ಲ್ಯಾಬಿಗೆ ಹೊಸದಾಗಿ ಬಂದ ಹುಡುಗಿ ಇವತ್ತು ಅದನ್ನೇ ಆ್ಯಂಟಿಆಕ್ಸಿಡೆಂಟ್ ಪರೀಕ್ಷೆಯ ನೇರಳೆ ದ್ರಾವಣಕ್ಕೆ ಹಾಕಿದಳು. ನೋಡನೋಡುತ್ತಲೇ ಹಳದಿಯಾಯಿತು! ಮೂರು ವರ್ಷದಿಂದ ನಾನು ಹುಡುಕುತ್ತಿದ್ದ ಆ್ಯಂಟಿಆಕ್ಸಿಡೆಂಟ್ ಪೆಪ್ಟೈಡುಗಳು, ಆ ಪ್ರೋಟೀನಿನ ಚೂರುಗಳು, ಅದರಲ್ಲೇ ಇದ್ದವು. ಗೈಡ್ ಅವಳ ಬೆನ್ನು ತಟ್ಟಿದರು.

“ಅಕ್ಕಾ, ಇದು ನಿಮ್ದೇ ಅಲ್ವಾ? ಪೇಪರಲ್ಲಿ ನಿಮ್ಮ ಹೆಸರೇ ಮೊದ್ಲು ಹಾಕೋಣ,” ಅಂದಳು.

“ಚೆಲ್ಲೋದಕ್ಕೆಲ್ಲ ನನ್ನ ಹೆಸರು ಯಾಕಮ್ಮ?” ಅಂದುಬಿಟ್ಟೆ, ದೊಡ್ಡ ಮನಸ್ಸಿನವಳ ಹಾಗೆ.

ಎಷ್ಟು ಸೋಪು ಹಾಕಿದರೂ ಕೈಯ ಮೀನಿನ ವಾಸನೆ ಹೋಗುತ್ತಿಲ್ಲ. ನಾಳೆ ಹೋಗಿ ‘ನನ್ನ ಹೆಸರು ಹಾಕು’ ಅನ್ನಲೇ? ಅಂದರೆ ಖಂಡಿತ ಹಾಕುತ್ತಾಳೆ, ನಗುನಗುತ್ತಲೇ ಹಾಕುತ್ತಾಳೆ. ಅದನ್ನೇ ನನ್ನಿಂದ ಸಹಿಸಲಾಗುತ್ತಿಲ್ಲ.