ಒತ್ತಿದರೆ ತೆರೆಯುವ ಬಾಗಿಲು

ಭಾನುವಾರ, ಮಾರ್ಚ್ ೯

ಪ್ರೀತಿಯ ಪಿಟೀಲು,

ಮೂವತ್ತು ದಾಟಿದರೂ ನಿನ್ನನ್ನು ಹೀಗೆ ಕರೆಯುವುದನ್ನು ಬಿಡಲಾರೆ; ತೊಟ್ಟಿಲಲ್ಲಿ ಅತ್ತು ಅತ್ತು ಅಷ್ಟು ಕುಯ್ದಿದ್ದೀಯ. ಹೇಗಿದ್ದೀಯ? ನಿನ್ನ ಹೆಂಡತಿಯ ಕೆಮ್ಮು ನಿಂತಿತೇ? ಎರಡು ಸಲ ಕಾಗದ ಹಾಕಿದರೂ ನನ್ನಿಂದ ಸದ್ದಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಪೂರ್ತಿ ಓದಿ ಆಮೇಲೆ ಬೈಯಿ.

ಬಟ್ಟೆ ಅಂಗಡಿಯ ನನ್ನ ಕೆಲಸ ನಿನಗೆ ಗೊತ್ತೇ ಇದೆ. ಗಿರಾಕಿಗಳು ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ, "ಮೆತ್ತಗಿದೆ ಅಲ್ವಾ?" ಅನ್ನುತ್ತಾರೆ. ನಾನು ಬಟ್ಟೆ ಇಳಿಬೀಳುವ ರೀತಿ ನೋಡಿ "ಬೆಣ್ಣೆ ಥರ" ಅನ್ನುತ್ತೇನೆ. ಎಲ್ಲರೂ ಹೀಗೇ ಕಣ್ಣಂದಾಜಿನಲ್ಲಿ ಹೇಳುತ್ತಾರೆಂದುಕೊಂಡಿದ್ದೆ.

ಎರಡು ತಿಂಗಳ ಹಿಂದೆ, ಕಿಟಕಿಯಿಲ್ಲದ ಒಳಕೋಣೆಯಲ್ಲಿ ಪರದೆ ಬಟ್ಟೆ ತೆಗೆಯುತ್ತಿದ್ದಾಗ ಕರೆಂಟು ಹೋಯಿತು. ಕೈ ಎಲ್ಲಿದೆ, ಕಾಲು ಎಲ್ಲಿದೆ ಒಂದೂ ತಿಳಿಯದೆ ಮೂಟೆಯಂತೆ ಉರುಳಿದೆ. ಅಂಗಡಿಯ ಯಜಮಾನರು ಟಾರ್ಚು ಹಿಡಿದು ಓಡಿ ಬಂದು, "ಅಲ್ಲಮ್ಮಾ, ಕರೆಂಟ್ ಹೋದ್ರೆ ನಮಗೆ ಕಣ್ಣು ಕಾಣಲ್ಲ, ನಿಂಗೆ ಕಾಲೇ ಇರಲ್ವಾ!" ಎಂದು ನಕ್ಕರು. ಹಣೆಯ ರಕ್ತ ಕಂಡೊಡನೆ ಅವರ ನಗು ನಿಂತಿತು. ತಾವೇ ಆಸ್ಪತ್ರೆಗೆ ಕರೆದೊಯ್ದರು.

ನರಗಳ ಡಾಕ್ಟರು ನನಗಿಂತ ಚಿಕ್ಕವರು. ಕೈಗವಸು ತೊಟ್ಟು, ನನ್ನ ಕಣ್ಣು ಮುಚ್ಚಿಸಿ, "ಬೆರಳು ಮೇಲೆ ಎತ್ತಿದೀನಾ, ಕೆಳಗೆ ಇಳಿಸಿದೀನಾ?" ಎಂದು ಕೇಳಿದರು.

"ನೀವಿನ್ನೂ ಮುಟ್ಟೇ ಇಲ್ವಲ್ಲ ಡಾಕ್ಟ್ರೇ" ಎಂದೆ.

ಅವರು ಆಗಲೇ ನನ್ನ ಬೆರಳು ಹಿಡಿದು ಮೇಲೆತ್ತಿದ್ದರಂತೆ. ರಕ್ತ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರಲು ವಾರಗಳೇ ಹಿಡಿದವು. ಅದಕ್ಕೇ ನಿನಗೆ ಏನೂ ಬರೆಯಲಿಲ್ಲ.

"ನರದ ತುದೀಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿರ್ತವೆ" ಎಂದರು ಮೊನ್ನೆ. "ಅಯಾನ್ ಚಾನೆಲ್ ಅಂತೀವಿ. ಚರ್ಮ ಒತ್ತಿದ್ರೆ ತೆರೀತವೆ. ತೆರೆದ ಕೂಡ್ಲೇ ವಿದ್ಯುತ್ ಹೊತ್ತ ಉಪ್ಪಿನ ಕಣಗಳು ಒಳಗೆ ನುಗ್ತವೆ, ಆ ಸುದ್ದಿ ಮಿದುಳಿಗೆ ಮುಟ್ಟುತ್ತೆ. ಅಂಥದ್ದೊಂದು ಬಾಗಿಲು ನಿಮ್ಮಲ್ಲಿ ಹುಟ್ಟಿದಾಗಿಂದ ಕೆಲಸ ಮಾಡಿಲ್ಲ. ಬರೀ ಕಣ್ಣಿಂದ ನೋಡ್ಕೊಂಡು ನಡೆಯೋದು ಹೇಗೆ ಕಲಿತ್ರಿ?"

ಹೇಗೆಂದರೆ, ಬಿದ್ದು ಬಿದ್ದು! ಮೇಷ್ಟ್ರು ನನ್ನನ್ನು ಮೊಂಡಿ, ಸೋಮಾರಿ ಎನ್ನುತ್ತಿದ್ದದ್ದು ನೆನಪಿದೆಯಾ? ನಾನು ಮೊಂಡಿಯೂ ಅಲ್ಲ, ಸೋಮಾರಿಯೂ ಅಲ್ಲ ಕಣೋ. ಅಲ್ಲಿ ಕೂತಲ್ಲೇ ನಗು ಬಂತು, ಬೆನ್ನಿಗೇ ಅಳು.

ಇದಕ್ಕೆ ಔಷಧಿ ಇನ್ನೂ ಇಲ್ಲವಂತೆ. ಆದರೆ ವ್ಯಾಯಾಮ ಹೇಳಿಕೊಡುವಾಕೆ ಬಲು ಗಟ್ಟಿಗಿತ್ತಿ. ನಿನ್ನೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತೆ, ಬೀಳಲಿಲ್ಲ. ಆಕೆ ಚಪ್ಪಾಳೆ ಹೊಡೆದಳು. ಯಜಮಾನರು ಒಳಕೋಣೆಗೆ ಬ್ಯಾಟರಿ ದೀಪ ಹಾಕಿಸಿ, "ಇದು ಅವಳ ಕಾಲು, ಯಾರೂ ಆರಿಸ್ಬೇಡಿ" ಎಂದು ಎಲ್ಲರಿಗೂ ಸಾರಿದ್ದಾರೆ.

ನಿನ್ನ ಮನೆಗೆ ಬರಲಿರುವ ಕೂಸಿನ ಬಗ್ಗೆಯೂ ಕೇಳಿದೆ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಈ ದೋಷ ಬಂದರೆ ಮಾತ್ರ ಹೀಗಾಗುವುದಂತೆ, ಅದೂ ತೀರಾ ಅಪರೂಪವಂತೆ. ನಿಶ್ಚಿಂತೆಯಾಗಿರಿ. ಮೂವರೂ ನೂರು ಕಾಲ ಸುಖವಾಗಿರಿ.

ನಿನ್ನ
ಅಕ್ಕ

ಇನ್ನೊಂದು ಮಾತು: ಅಮ್ಮ ಹೋದ ದಿನ ನೀನು ಕೋಣೆಗೆ ಬಂದಾಗ ಅವಳ ಕೈ ಮಂಚದಿಂದ ಜೋತುಬಿದ್ದಿತ್ತು. ಪಕ್ಕದಲ್ಲೇ ಅವಳ ಮುಖ ನೋಡುತ್ತಾ ನಾನು ಕೂತಿದ್ದೆ. "ಅಮ್ಮನ ಕೈ ಬಿಟ್ಟು ಕೂತಿದ್ದೀಯಲ್ಲೇ ಅಕ್ಕಾ, ಕಲ್ಲಾ ನೀನು?" ಅಂದೆ ನೀನು. ನಾನು ಬಿಟ್ಟಿರಲಿಲ್ಲ ಕಣೋ. ಹಿಡಿದೇ ಇದ್ದೇನೆಂದುಕೊಂಡಿದ್ದೆ, ಜಾರಿದ್ದು ತಿಳಿಯಲಿಲ್ಲ. ಇದನ್ನೂ ಡಾಕ್ಟರಿಗೆ ಹೇಳಿದೆ. "ಬಿಸಿಗೆ ಬೇರೆ ಬಾಗಿಲು, ಅದು ನಿಮ್ಮಲ್ಲಿ ಚೆನ್ನಾಗೇ ಇದೆ. ಅಮ್ಮನ ಕೈ ಬೆಚ್ಚಗಿದ್ದದ್ದು ಗೊತ್ತಾಗಿತ್ತಾ?" ಎಂದರು. ಗೊತ್ತಾಗಿತ್ತು. ಮುಂದಿನ ಸಲ ನೀನು ಬಂದಾಗ ನನ್ನ ಕೈ ಹಿಡಿದು ತಟ್ಟನೆ ಬಿಡಬೇಡ. ಬಿಸಿ ತಾಕುವವರೆಗೆ ಹಿಡಿದುಕೊಂಡಿರು.