ಬಡಿಸುವವರಿಲ್ಲದ ಊಟ

ಜನ್ನಾಪುರ, ಭದ್ರಾವತಿ
12 ಮಾರ್ಚ್ 2007, ಸೋಮವಾರ

ಈ ಕಾಗದವನ್ನು ಓದಬೇಕೋ ಹರಿಯಬೇಕೋ ಎಂದು ಯೋಚಿಸುತ್ತಿರುವ ನನ್ನ ತನುಜಾಳಿಗೆ, ನಿನ್ನ ಸೋದರಮಾವ ಓಂಕಾರಪ್ಪನ ಆಶೀರ್ವಾದ.

ಹರಿಯಬೇಡ ಮಾರಾಯ್ತಿ. ಪೂರ್ತಿ ಓದಿ ಆಮೇಲೆ ಒಲೆಗೆ ಹಾಕು, ನನ್ನ ತಕರಾರಿಲ್ಲ. ಏಳನೇ ಕ್ಲಾಸಿನವರೆಗೆ ಓದಿದ ನಾನು ಇಷ್ಟುದ್ದದ ಕಾಗದವನ್ನು ಈ ಜನ್ಮದಲ್ಲಿ ಬರೆದಿಲ್ಲ. ಆದರೂ ಅಕ್ಷರ ನೋಡು, ಹೇಗೆ ಮುತ್ತು ಪೋಣಿಸಿದ ಹಾಗಿದೆ! ನಮ್ಮೂರ ಶಾಲೆಯಲ್ಲಿ ಬೋರ್ಡಿನ ಮೇಲೆ ತಾರೀಕು, ಹಾಜರಿ ಬರೆಯುವ ಕೆಲಸವನ್ನು ಮೇಷ್ಟ್ರು ನನ್ನ ಬಿಟ್ಟು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಇವತ್ತು ಅಲ್ಲಲ್ಲಿ ಸೊಟ್ಟಗಾಗಿದೆ. ಅದನ್ನು ಹಿಡಿದುಕೊಳ್ಳಬೇಡ.

ಕಾಗದ ಯಾಕೆ ಅಂದರೆ ನನಗೆ ಬೇರೆ ದಾರಿ ಉಳಿದಿಲ್ಲ. ಫೋನು ಮಾಡಿದರೆ ನಿಮ್ಮಮ್ಮ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾಳೆ. ಮೊನ್ನೆ ಬಸ್ಸು ಹತ್ತಿ ಹೊಸಮನೆ ಬಡಾವಣೆಯ ನಿಮ್ಮ ಮನೆಗೇ ಬಂದೆ. ಒಡಹುಟ್ಟಿದ ಅಕ್ಕ, ಬಾಗಿಲು ಕೂಡ ತೆಗೆಯದೆ ಕಿಟಕಿಯಿಂದಲೇ, "ಲೋ ಓಂಕಾರಿ, ನೀನು ಸರಿ ಮಾಡಿದ್ದು ಸಾಕು. ಕೆಡಿಸೋಕೆ ಇನ್ನೂ ಏನಾದ್ರೂ ಉಳಿದಿದೆ ಅಂತ ಬಂದ್ಯಾ?" ಅಂದಳು. ಬಿಸಿಲಲ್ಲಿ ಗೇಟು ಹಿಡಿದು ನಿಂತಿದ್ದೆ. ಒಳಗಿನಿಂದ ನಿನ್ನ ಕೆಮ್ಮು ಕೇಳಿಸಿತು. ತನೂ ಅಂತ ಕರೆಯೋಣವೆಂದರೆ ಬಾಯೇ ಬರಲಿಲ್ಲ. ಈ ಓಂಕಾರಪ್ಪನಿಗೆ ಬಾಯಿ ಬರಲಿಲ್ಲ ಅಂದರೆ ನನ್ನ ಗತಿ ಏನಾಗಿದೆ ಅಂತ ನೀನೇ ತಿಳಿದುಕೋ.

ಗುರುವಾರ ಕೋರ್ಟು. ನೀನೂ ವೀರೇಂದ್ರನೂ ಸೇರಿ ಕೊಟ್ಟ ಅರ್ಜಿಯ ಮೇಲೆ ಜಡ್ಜು ಕೊನೆಯ ಸಲ ಕೇಳುತ್ತಾರಂತೆ. ಇಬ್ಬರೂ ಹೌದು ಅಂದರೆ ನಿಮ್ಮ ಮದುವೆ ಅಲ್ಲಿಗೆ ಮುಗಿಯಿತು ಅಂತ ವಕೀಲರು ಹೇಳಿದರು. ಅಷ್ಟರೊಳಗೆ, ಹೋದ ಭಾನುವಾರದ ಹಿಂದಿನ ಭಾನುವಾರ ಆ ಹೋಟೆಲ್ಲಿನಲ್ಲಿ ಏನಾಯಿತು ಅನ್ನುವುದು ನಿನಗೆ ಗೊತ್ತಾಗಬೇಕು. ನೀನು ನೋಡಿದ್ದು ಅರ್ಧ. ಮಿಕ್ಕ ಅರ್ಧ ನಿನ್ನ ಬೆನ್ನ ಹಿಂದೆ ನಡೆಯಿತು.

ಶಿವಮೊಗ್ಗದಂಥ ಶಿವಮೊಗ್ಗದಲ್ಲಿ ಓಂಕಾರಪ್ಪನಿಗೆ ಬೇರೆ ಹೋಟೆಲ್ಲೇ ಸಿಗಲಿಲ್ಲವಾ ಅಂತ ನಿಮ್ಮಮ್ಮ ಕೇಳಿದಳಂತೆ. ಸಿಗದೆ ಏನು? ಅದು ತಲೆ ಓಡಿಸಿ ಆರಿಸಿದ ಜಾಗ. ಹೊಸಮನೆಯಲ್ಲಿ ನಿಮ್ಮಿಬ್ಬರನ್ನು ಕೂರಿಸೋಣವೆಂದರೆ ನಿಮ್ಮಮ್ಮ ಅವನನ್ನು ಮೆಟ್ಟಿಲು ಹತ್ತಿಸುವುದಿಲ್ಲ. ನ್ಯೂ ಟೌನಿನ ಅವನ ಫ್ಯಾಕ್ಟರಿ ಕ್ವಾರ್ಟರ್ಸಿಗೆ ನೀನು ಕಾಲಿಡುವುದಿಲ್ಲ. ಯಾವುದಾದರೂ ದೋಸೆ ಹೋಟೆಲ್ಲಿಗೆ ಹೋದರೆ ಕಾಫಿ ಬರುವಷ್ಟರಲ್ಲಿ ನಾಲ್ಕು ಜನ ನೆಂಟರು ಎದುರಾಗಿ, "ಏನಮ್ಮಾ, ಮತ್ತೆ ಒಂದಾದ್ರಾ?" ಅಂತ ಕೇಳಿ ಎಲ್ಲ ಹಾಳುಮಾಡುತ್ತಾರೆ. ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯ ಮಹಡಿ ಮೇಲೆ ಮಲ್ಲಿಕ್ ಎಂಬಾತ ತೆಗೆದಿರುವ ಆ ಥಾಯ್ ವಿಯೆಟ್ನಾಂ ಹೋಟೆಲ್ಲಿಗೆ ನಮ್ಮವರ ಪೈಕಿ ಒಂದು ನರಪಿಳ್ಳೆಯೂ ಹೋಗುವುದಿಲ್ಲ. ಮಧ್ಯಾಹ್ನ ಬಫೆ, ರೇಟು ಕಡಿಮೆ, ಎಷ್ಟು ಹೊತ್ತು ಕೂತರೂ ಏಳಿ ಅನ್ನುವವರಿಲ್ಲ. ಸಸ್ಯಾಹಾರದ ಮೇಜು ಬೇರೆ. ಅದಕ್ಕೆ ಮೀನಿನ ಸಾಸು ಸೋಕಿಸಿಲ್ಲ ಅಂತ ಮಲ್ಲಿಕ್ ಆಣೆ ಮಾಡಿದ ಮೇಲೆಯೇ ನಾನು ಮಾತು ಕೊಟ್ಟು ಬಂದದ್ದು.

ಬಫೆ ಅಂದರೆ ಮೊದಲಿನಿಂದಲೂ ನನಗೆ ಆಗದು. ನಿನಗೆ ಗೊತ್ತಲ್ಲ, ಭದ್ರಾವತಿಯಿಂದ ತರೀಕೆರೆವರೆಗೆ ನಮ್ಮವರ ಯಾವ ಮದುವೆಯಾದರೂ ಊಟದ ಪಂಕ್ತಿ ನೋಡಿಕೊಳ್ಳುವವನು ನಾನು. ಯಾರ ಎಲೆಗೆ ಪಾಯಸ ಎರಡನೇ ಸಲ ಹೋಗಬೇಕು, ಯಾವ ಬೀಗರು ಕೈ ಅಡ್ಡ ಹಿಡಿದರೂ ಹೋಳಿಗೆ ಹಾಕಲೇಬೇಕು, ಎಲ್ಲ ನನ್ನ ಬೆರಳ ತುದಿಯಲ್ಲಿದೆ. ವರೋಪಚಾರ ಸಾಲದು ಅಂತ ಮುನಿಸಿಕೊಂಡು ಬಸ್ಸು ಹತ್ತಿದ್ದ ಬೀಗರನ್ನು ಇಳಿಸಿಕೊಂಡು ಬಂದು, ಬರೀ ತುಪ್ಪದ ಮಿಳ್ಳೆ ಹಿಡಿದು ಒಲಿಸಿಕೊಂಡವನು ನಾನು. ಬಡಿಸುವ ಕೈ ಮುಂದೆ ಯಾವ ಜಗಳವೂ ನಿಲ್ಲುವುದಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ.

ಅದಕ್ಕೇ, ಆ ಹೋಟೆಲ್ಲಿನಲ್ಲಿ ಬಡಿಸುವವರು ಯಾರೂ ಇರುವುದಿಲ್ಲ, ಅವರವರೇ ಹಾಕಿಕೊಳ್ಳಬೇಕು ಅಂತ ಮಲ್ಲಿಕ್ ಹೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅವತ್ತು ವೀರೇಂದ್ರ ನಮಗಿಂತ ಮೊದಲೇ ಬಂದು ಕೂತಿದ್ದ. ಇಸ್ತ್ರಿ ಶರ್ಟು ಬೆವರಿಗೆ ಒದ್ದೆಯಾಗಿತ್ತು. ನೀನು ಬಂದು ಅವನ ಎದುರು ಕೂರದೆ ಓರೆಯಾಗಿ ಕೂತೆ. ಅವನು ನೀರಿನ ಲೋಟ ನೋಡುತ್ತಿದ್ದ, ನೀನು ಫ್ಯಾನು ನೋಡುತ್ತಿದ್ದೆ. ನಗಿಸುವ ಕೆಲಸ ನನ್ನ ಪಾಲಿಗೆ ಬಂತು. ಸೂಪಿನಲ್ಲಿದ್ದ ಕಡ್ಡಿ ಎತ್ತಿ ಹಿಡಿದು, "ಇದು ನಮ್ಮ ಹಿತ್ತಲಿನ ಮಜ್ಜಿಗೆ ಹುಲ್ಲು ಕಣ್ರೋ! ದನ ಮೂಸಲ್ಲ, ಇಲ್ಲಿ ನಾವು ಕಾಸು ಕೊಟ್ಟು ಕುಡೀತಿದ್ದೀವಿ" ಅಂದೆ. ಯಾರೂ ನಗಲಿಲ್ಲ. ಆಮೇಲೆ ಮೇಜಿನ ಮೇಲೆ ಇಟ್ಟಿದ್ದ ಅಕ್ಕಿಯ ತೆಳ್ಳನೆ ಹಾಳೆ ಎತ್ತಿಕೊಂಡು, ಹಪ್ಪಳ ಇರಬೇಕು ಅಂತ ಕಟಕ್ಕನೆ ಕಡಿದೆ. ಹಪ್ಪಳವಲ್ಲ, ಒಳ್ಳೆ ಪ್ಲಾಸ್ಟಿಕ್ಕು! ಬಾಯಿಂದ ತೆಗೆಯಲೂ ಆಗದು, ನುಂಗಲೂ ಆಗದು. ಆಗ ನೀನು ನಕ್ಕೆ ನೋಡು. "ಅಯ್ಯೋ ಮಾವ, ಅದನ್ನ ನೀರಲ್ಲಿ ನೆನೆಸ್ಬೇಕಂತೆ. ಗೋಡೆ ಮೇಲೆ ಚಿತ್ರ ಹಾಕಿದ್ದಾರಲ್ಲ" ಅಂತ ಒಂದು ಹಾಳೆಯನ್ನು ಬಿಸಿನೀರಲ್ಲಿ ಅದ್ದಿ, ಸೊಪ್ಪು, ಕ್ಯಾರೆಟ್ಟು, ಕಡಲೆಬೀಜದ ಪುಡಿ ಇಟ್ಟು ಸುತ್ತಿ ನನ್ನ ಕೈಗೆ ಕೊಟ್ಟೆ. ಮಗುವಿಗೆ ಬಟ್ಟೆ ಸುತ್ತಿದ ಹಾಗೆ ಅಚ್ಚುಕಟ್ಟಾಗಿತ್ತು. ಒಂದು ವರ್ಷದ ಮೇಲೆ ನಿನ್ನ ನಗು ಕೇಳಿದ ವೀರೇಂದ್ರನ ಮುಖ ಹೇಗಾಯಿತು ಅಂತ ನೀನು ನೋಡಲಿಲ್ಲ. ನಾನು ನೋಡಿದೆ. ಗೆದ್ದೆ ಅಂದುಕೊಂಡೆ.

ಆಮೇಲೆ ನೀನು ತಟ್ಟೆ ಹಿಡಿದು ಅನ್ನದ ಮೇಜಿನ ಕಡೆ ಹೋದೆ. ಅನ್ನ, ತೆಂಗಿನ ಹಾಲಿನ ಹಸಿರು ಸಾರು ಹಾಕಿಕೊಂಡು ತಿರುಗಿ ಬಂದಾಗ ವೀರೇಂದ್ರ ಬರಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ನಿನ್ನ ಮುಖ ಬಿಳಿಚಿಕೊಂಡಿತು. ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು.

"ಇಲ್ಲೂ ಹಾಗೇ ಕೂತಿದ್ದಾರಲ್ಲ ಮಾವ. ಅವತ್ತೂ ಹೀಗೇ ಕೂತಿದ್ರು" ಅಂದೆ. ಟೈಫಾಯ್ಡ್ ಬಂದು ಕ್ವಾರ್ಟರ್ಸಿನಲ್ಲಿ ನೀನು ಮಲಗಿದ್ದದ್ದು, ಇವನು ಫಸ್ಟ್ ಶಿಫ್ಟು ಮುಗಿಸಿ ಬಂದು ಕೈ ತೊಳೆದು ತಟ್ಟೆ ಮುಂದೆ ಕೂತದ್ದು, ಜ್ವರದಲ್ಲೇ ನೀನು ಮಾಡಿಟ್ಟ ಅನ್ನ ಸಾರು ಒಲೆಯ ಪಕ್ಕದಲ್ಲೇ ಇದ್ದರೂ ಏಳದೆ ಕೂತೇ ಇದ್ದದ್ದು, ಕೊನೆಗೆ ನೀನೇ ಗೋಡೆ ಹಿಡಿದುಕೊಂಡು ಎದ್ದು ಬಡಿಸಿದ್ದು, ಸಾರು ಕಾಲಿನ ಮೇಲೆ ಚೆಲ್ಲಿಕೊಂಡದ್ದು, ಎಲ್ಲ ನೀನೇ ಹೇಳಿದೆ. "ಇವರು ಏನಂದ್ರು ಗೊತ್ತಾ ಮಾವ? ಉಪ್ಪಿಲ್ಲ ಅಂದ್ರು."

ನಾವೆಲ್ಲ ಒಂದು ವರ್ಷದಿಂದ ನಿನ್ನನ್ನು ಕೇಳಿದ್ದು ಒಂದೇ. ಕುಡೀತಾನಾ? ಹೊಡೀತಾನಾ? ಎರಡೂ ಇಲ್ಲ ಅಂದ ಮೇಲೆ ನಿನಗೇ ಏನೋ ಕೊಬ್ಬು ಅಂತ ತೀರ್ಮಾನ ಮಾಡಿದವರಲ್ಲಿ ನಾನೇ ಮೊದಲಿಗ. "ಅನ್ನ ಹಾಕ್ಕೊಳ್ಳಲಿಲ್ಲ ಅಂತ ಕೋರ್ಟಲ್ಲಿ ಹೇಳೋಕಾಗುತ್ತಾ ಮಾವ? ಅದಕ್ಕೇ ಏನೂ ಹೇಳ್ಲಿಲ್ಲ" ಅಂತ ಹೇಳಿ, ತುಂಬಿದ ತಟ್ಟೆಯನ್ನು ಹಾಗೇ ಬಿಟ್ಟು ಮೆಟ್ಟಿಲು ಇಳಿದು ಹೋದೆ.

ನೀನು ನೋಡಿದ್ದು ಇಷ್ಟು. ಇನ್ನು ಉಳಿದದ್ದು.

ತನೂ, ಇದನ್ನು ಬರೆಯಲು ಬೆಳಗಿನಿಂದ ಕೂತಿದ್ದೇನೆ. ಮೇಲಿನ ಬಡಾಯಿಯೆಲ್ಲ ಇಲ್ಲಿಗೆ ಬರುವುದನ್ನು ಮುಂದೂಡುವುದಕ್ಕೆ. ನೀನು ಅನ್ನದ ಮೇಜಿನ ಮುಂದೆ ನಮಗೆ ಬೆನ್ನು ಮಾಡಿ ನಿಂತಿದ್ದಾಗ ವೀರೇಂದ್ರ ಎದ್ದಿದ್ದ. ತನ್ನ ತಟ್ಟೆ, ನನ್ನ ತಟ್ಟೆ ಎರಡನ್ನೂ ಕೈಗೆ ತೆಗೆದುಕೊಂಡು, "ಮಾವ, ನಿಮಗೂ ನಾನೇ ತರ್ತೀನಿ" ಅಂದ. ನಾನು ಅವನ ಭುಜ ಅದುಮಿ ಕೂರಿಸಿದೆ. "ಕೂತ್ಕೊ ಮಾರಾಯ. ನೀನೇ ಎದ್ದು ಹೋದ್ರೆ ಅವಳಿಗೇನು ಕೆಲಸ? ಬರಿ ತಟ್ಟೆ ಕಂಡ್ರೆ ಅವಳ ಕೈ ಸುಮ್ನಿರಲ್ಲ, ತಾನಾಗೇ ಬಡಿಸ್ತಾಳೆ. ಬಡಿಸಿದ್ಲು ಅಂದ್ರೆ ಮುನಿಸು ಹೋಯ್ತು ಅಂತ ಲೆಕ್ಕ. ಎಷ್ಟು ಪಂಕ್ತಿ ನೋಡಿದ್ದೀನಿ, ನನಗೆ ಹೇಳ್ತೀಯಾ?" ಅಂದೆ. "ಬೇಡ ಮಾವ, ಅವಳಿಗೆ ಅದೇ ಆಗಲ್ಲ" ಅಂತ ಅವನು ಮತ್ತೆ ಎದ್ದ. ನಾನು ಮತ್ತೆ ಕೂರಿಸಿದೆ. ಈ ಸಲ ಅವನ ಕೈಯಿಂದ ತಟ್ಟೆ ಕಿತ್ತು ಮೇಜಿನ ಮೇಲೆ ಇಟ್ಟೆ. ಅಷ್ಟರಲ್ಲಿ ನೀನು ತಿರುಗಿದೆ.

ಬಫೆ ಅಂದಾಗ ನನಗೆ ಖುಷಿಯಾದದ್ದು ಇದಕ್ಕೇ. ನೀನು ಬಡಿಸುವ ಹಾಗೆ ಮಾಡಬೇಕು ಅಂತ ಮನೆಯಿಂದಲೇ ಗುಣಾಕಾರ ಹಾಕಿಕೊಂಡು ಬಂದಿದ್ದೆ.

ನೀನು ಜ್ವರದ ಮಾತು ಹೇಳುತ್ತಿದ್ದಾಗ ಅವನು, "ನಾನು ಎದ್ದಿದ್ದೆ, ನಿಮ್ಮ ಮಾವನೇ ಕೂರಿಸಿದ್ರು" ಅನ್ನಬಹುದಿತ್ತು. ಅನ್ನಲಿಲ್ಲ. ನನ್ನ ಮರ್ಯಾದೆ ಕಾದ. ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬಾಯಲ್ಲಿ ನೀನು ಸುತ್ತಿಕೊಟ್ಟದ್ದು ಇತ್ತು, ಅದನ್ನು ಅಗಿಯುತ್ತಾ ಕೂತಿದ್ದೆ.

ನೀನು ಹೋದ ಮೇಲೆ ಅವನು ನೀನು ಬಿಟ್ಟುಹೋದ ತಟ್ಟೆಯನ್ನು ಮೇಜಿನ ಅಂಚಿನಿಂದ ಒಳಗೆ ಸರಿಸಿಟ್ಟ. ಆಮೇಲೆ, "ಉಪ್ಪಿಲ್ಲ ಅಂದಿದ್ದು ನಿಜ ಮಾವ" ಅಂದ. ಅವನು ತಾಯಿಯಿಲ್ಲದೆ ಹಾಸ್ಟೆಲಿನಲ್ಲಿ ಬೆಳೆದವನು ಅಂತ ನಮಗೆ ಗೊತ್ತಿತ್ತು. ಅಲ್ಲಿ ಬಡಿಸುವ ಮುಂಚೆ ಪಾತ್ರೆಗೆ ಕೈ ಹಾಕಿದ ಹುಡುಗನನ್ನು ಪಂಕ್ತಿಯಿಂದ ಎಬ್ಬಿಸಿ ಉಪವಾಸ ಕಳಿಸುತ್ತಿದ್ದರು ಅನ್ನುವುದು ಗೊತ್ತಿರಲಿಲ್ಲ. "ತಟ್ಟೆ ಮುಂದೆ ಕೂತ್ರೆ ಕೈ ತೊಡೆ ಮೇಲೆ ಇಟ್ಕೊಂಡು ಕಾಯೋದೇ ಅಭ್ಯಾಸ ಆಯ್ತು. ಅವಳಿಗೆ ಜ್ವರ ಇರೋದು ಗೊತ್ತಿತ್ತು. ಎದ್ದು ಹಾಕ್ಕೋಬೇಕು ಅಂತ ತಲೆಗೇ ಹೊಳೀಲಿಲ್ಲ" ಅಂದ. ಇದನ್ನು ಅವನ ಪರ ವಕಾಲತ್ತು ಅಂತ ತಿಳಿಯಬೇಡ. ಹಸಿದ ಹುಡುಗನಿಗೆ ಹಾಸ್ಟೆಲಿನವರು ಕಲಿಸಿದ್ದು ಒಂದು ಕಡೆ, ಜ್ವರದಲ್ಲಿ ಹೆಂಡತಿ ಗೋಡೆ ಹಿಡಿದು ಬರುವುದನ್ನು ನೋಡುತ್ತಾ ಕೂತದ್ದು ಇನ್ನೊಂದು ಕಡೆ. ಅದು ಅವನ ತಪ್ಪೇ. ಅವನೂ ಅಲ್ಲ ಅನ್ನುವುದಿಲ್ಲ.

ಮನೆಗೆ ಬಂದು ನಿಮ್ಮತ್ತೆ ಪದ್ಮಮ್ಮನಿಗೆ ಇಷ್ಟೂ ಹೇಳಿದೆ. ಪಾಪ ನೀವಾದ್ರೂ ಏನು ಮಾಡ್ತೀರಿ ಬಿಡಿ ಅನ್ನುತ್ತಾಳೆ ಅಂತ ಕಾದೆ. ಅವಳು ಮೊರದಲ್ಲಿ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ನನಗೆ ಮದುವೆ ಆದಾಗಿನಿಂದ ಒಂದು ಸಲವೂ ಜ್ವರ ಬಂದಿಲ್ಲ ಅಂದ್ಕೊಂಡಿದ್ದೀರೇನ್ರೀ?" ಅಂತ ಕೇಳಿದಳು. ನಾನು ಯೋಚಿಸಿದೆ ತನೂ. ಬಂದಿರಲೇಬೇಕು. ಆದರೆ ಯಾವಾಗ ಬಂದಿತ್ತು ಅಂತ ಒಂದೂ ನೆನಪಿಗೆ ಬರಲಿಲ್ಲ. ನೆನಪಿರುವುದು ಅವಳು ಬಡಿಸಿದ್ದು ಮಾತ್ರ. ಅವತ್ತಿನಿಂದ ಅಡುಗೆ ಮಾಡಿ ಮುಚ್ಚಿಟ್ಟು ತನ್ನಷ್ಟಕ್ಕೆ ಉಂಡು ಏಳುತ್ತಾಳೆ. ಮೊದಲ ದಿನ ನಾನು ಉಪವಾಸ ಮಲಗಿದೆ. ಮಾರನೇ ದಿನ ಉಪ್ಪಿನಕಾಯಿ ಭರಣಿ ಎಲ್ಲಿದೆ ಅಂತ ನನ್ನದೇ ಮನೆಯಲ್ಲಿ ಹುಡುಕಿದೆ. ನಗಬೇಡ.

ಶುಕ್ರವಾರ ಹಳೇ ಊರಿನಲ್ಲಿ ಒಂದು ಮದುವೆ. ಸಾರಿನ ಬಕೆಟ್ಟು ಹಿಡಿದು ಪಂಕ್ತಿ ನಡುವೆ ನಿಂತೆ. ಎಲೆ ಮುಂದೆ ಕೂತ ಗಂಡಸರೆಲ್ಲ ಕೈ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಬಕೆಟ್ಟನ್ನು ಅಲ್ಲೇ ಇಟ್ಟು ಮನೆಗೆ ಬಂದುಬಿಟ್ಟೆ. ಓಂಕಾರಪ್ಪನಿಗೆ ಏನೋ ಆಗಿದೆ ಅಂತ ಊರೆಲ್ಲ ಮಾತು. ಆಗಿರುವುದು ಹೌದು. ಅನ್ನ ಇಳಿಯುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

ಕೋರ್ಟಿನಲ್ಲಿ ಹೌದು ಅನ್ನಬೇಡ ಅಂತ ನಾನು ಹೇಳುವುದಿಲ್ಲ. ಹೇಳುವ ಯೋಗ್ಯತೆ ಕಳೆದುಕೊಂಡೆ. ಜ್ವರದ ದಿನದ ತಟ್ಟೆ ಅವನದು. ಆ ಭಾನುವಾರದ ಬರಿ ತಟ್ಟೆ ನನ್ನದು. ಅವನದಕ್ಕೆ ಅವನನ್ನು ಏನು ಬೇಕಾದರೂ ಮಾಡು. ನನ್ನದಕ್ಕೆ ಅವನನ್ನು ಶಿಕ್ಷಿಸಬೇಡ, ನನ್ನ ತಾಯಿ. ನಾನು ಹಿರಿಯ, ನಿನ್ನ ಕಾಲಿಗೆ ಬಿದ್ದರೆ ನಿನಗೆ ಒಳ್ಳೆಯದಲ್ಲ ಅನ್ನುತ್ತಾರೆ. ಇಲ್ಲದಿದ್ದರೆ ಮೊನ್ನೆ ಆ ಗೇಟಿನ ಮುಂದೆಯೇ ಬಿದ್ದಿರುತ್ತಿದ್ದೆ.

ಕಿವಿ ಚುಚ್ಚಿಸುವ ದಿನ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿನಗಿಂತ ಜೋರಾಗಿ ಅತ್ತ
ನಿನ್ನ ಮಾವ,
ಓಂಕಾರಪ್ಪ

ತಾ.ಕ.: ಅಂಚೆಗೆ ಹಾಕಿದರೆ ಗುರುವಾರದೊಳಗೆ ನಿನ್ನ ಕೈ ಸೇರುತ್ತದೋ ಇಲ್ಲವೋ ಅಂತ ಈ ಕಾಗದವನ್ನು ವೀರೇಂದ್ರನ ಕೈಯಲ್ಲಿ ಕೊಡುತ್ತಿದ್ದೇನೆ. ಅವನು ಇದನ್ನು ಓದಿಲ್ಲ. ನಮ್ಮ ಜಗುಲಿಯಲ್ಲಿ ಡಬ್ಬಿ ಹಿಡಿದುಕೊಂಡು ಕೂತಿದ್ದಾನೆ. ಬಫೆ ಊಟ ಕಟ್ಟಿಕೊಡುವುದಿಲ್ಲ ಅಂತ ಮಲ್ಲಿಕ್ ಹೇಳಿದನಂತೆ. ಅದಕ್ಕೆ ಅಕ್ಕಿ ಹಾಳೆ ಮಾತ್ರ ಕಾಡಿ ಬೇಡಿ ತಂದು, ಕ್ವಾರ್ಟರ್ಸಿನಲ್ಲಿ ತಾನೇ ನೆನೆಸಿ ತಾನೇ ಸುತ್ತಿದ್ದಾನೆ. ಅರ್ಧಕ್ಕರ್ಧ ಹರಿದುಹೋಗಿವೆ. ಉಪ್ಪು ಸರಿಯಿದೆಯೋ ಇಲ್ಲವೋ ನಾನು ನೋಡಿಲ್ಲ. "ಏನಂತ ಹೇಳ್ಲಿ ಮಾವ?" ಅಂತ ಕೇಳಿದ. ಈ ಸಲ ನಾನು ಏನೂ ಹೇಳಿಕೊಡಲಿಲ್ಲ. ಧೈರ್ಯ ಸಾಲದಿದ್ದರೆ ಅಂಚೆ ಡಬ್ಬಕ್ಕೆ ಹಾಕು ಅಂತ ಒಂದು ಸ್ಟಾಂಪು ಅವನ ಜೇಬಿಗೆ ಹಾಕಿದ್ದೇನೆ. ಕವರು ತಿರುಗಿಸಿ ನೋಡು. ಸ್ಟಾಂಪು ಇಲ್ಲದಿದ್ದರೆ ಅವನು ಗೇಟಿನ ಹತ್ತಿರ ನಿಂತಿದ್ದಾನೆ.